ಇಸಬಗೋಲಿನ ಸಿಪ್ಪೆ: ಚಮಚ ಒಂದಾದರೆ ಲೋಟ ಎರಡು

ಕಳೆದ ರಮಝಾನ್‌ನ ಎರಡನೇ ವಾರ. ತರಾವೀಹ್ ಮುಗಿಸಿ ಶಿರಾಳಕೊಪ್ಪದ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ, ಫೋನ್ ಬಂತು. ಆನವಟ್ಟಿ ಕಡೆಯ ಒಂದು ಹಳ್ಳಿಯಿಂದ. "ಡಾಕ್ಟರ್ ಸಾಹೇಬ್ರೇ, ಅಮ್ಮಿಗೆ ಗಂಟಲ ಕೆಳಗೆ ಏನೋ ಕಟ್ಟಿಕೊಂಡಿದೆ. ಉಗುಳೂ ಇಳೀತಾ ಇಲ್ಲ. ನೀವು ಹೇಳಿದ್ದ ಇಸಬಗೋಲು ಬಿಟ್ರೆ ಬೇರೇನೂ ತಗೊಂಡಿಲ್ಲ."

ಆ ತಾಯಿಗೆ ಎಪ್ಪತ್ತು ದಾಟಿದೆ. ನಾಲ್ಕು ದಿನ ಮೊದಲು ಮಲಬದ್ಧತೆ ಎಂದು ನನ್ನ ದವಾಖಾನೆಗೆ ಬಂದಿದ್ದರು. ಇಫ್ತಾರ್‌ಗೆ ಇನ್ನು ಅರ್ಧ ಗಂಟೆ ಇತ್ತು, ಹೊರಗೆ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಚೀಟಿಯಲ್ಲಿ "ಸಬೂಸ್-ಎ-ಅಸ್ಪಗೋಲ್, ಒಂದು ದೊಡ್ಡ ಚಮಚ, ರಾತ್ರಿ" ಎಂದು ಬರೆದೆ. ಬಾಯಲ್ಲಿ "ನೀರಿನ ಜೊತೆ" ಎಂದೆ. ಎಷ್ಟು ನೀರು, ಹೇಗೆ, ಯಾವಾಗ ಎಂದು ಹೇಳಲಿಲ್ಲ. ಅವರು ಜೀವಮಾನವಿಡೀ ಚೂರ್ಣ ತಿಂದ ಹಾಗೆಯೇ ಒಣ ಸಿಪ್ಪೆಯನ್ನು ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದು ಮಲಗಿದ್ದಾರೆ. ಹೆಚ್ಚು ನೀರು ಕುಡಿಯದಿರಲು ಕಾರಣವೂ ಇತ್ತು. ಮಂಡಿ ನೋವು, ಬಚ್ಚಲು ಹಿತ್ತಿಲಲ್ಲಿ, ರಾತ್ರಿ ಏಳುವುದೆಂದರೆ ಸೊಸೆಯನ್ನು ಎಬ್ಬಿಸಬೇಕು.

ಉಗುಳು ಇಳಿಯುತ್ತಿಲ್ಲ ಎಂದರೆ ಅನ್ನನಾಳ ಪೂರ್ತಿ ಮುಚ್ಚಿದೆ ಎಂದೇ ಅರ್ಥ. ಬಾಳೆಹಣ್ಣು ಕೊಡಬೇಡಿ, ಅನ್ನದ ಉಂಡೆ ನುಂಗಿಸಬೇಡಿ, ಇನ್ನು ನೀರೂ ಬೇಡ, ಕೂರಿಸಿಕೊಂಡೇ ಶಿವಮೊಗ್ಗಕ್ಕೆ ಹೊರಡಿ ಎಂದೆ. ನಡುರಾತ್ರಿ ಎಂಡೋಸ್ಕೋಪಿ ಮಾಡಿ ತೆಗೆದದ್ದು ಗಂಜಿಯಂತೆ ಗಟ್ಟಿಯಾಗಿದ್ದ ಒಂದು ಲೋಳೆಯ ಗಂಟು. ಅಲ್ಲಾಹನ ದಯೆ, ಉಸಿರಿಗೆ ತೊಂದರೆಯಾಗಲಿಲ್ಲ. ಮರುದಿನ ಮನೆಗೆ ಬಂದರು. ಔಷಧದಲ್ಲಿ ದೋಷವಿರಲಿಲ್ಲ. ನಾನು ಬರೆದ ಚೀಟಿಯಲ್ಲಿ ಇತ್ತು. ಅಂದಿನಿಂದ ನನ್ನ ಮೇಜಿನ ಮೇಲೆ ಒಂದು ಗಾಜಿನ ಲೋಟ, ಒಂದು ಚಮಚ, ಒಂದು ಪೊಟ್ಟಣ ಇಟ್ಟುಕೊಂಡಿದ್ದೇನೆ. ಇಸಬಗೋಲು ಬರೆಯುವ ಮೊದಲು ಲೋಟದಲ್ಲಿ ಕಲಸಿ ತೋರಿಸುತ್ತೇನೆ. ಲೋಟ ಇಲ್ಲದ ಓದುಗರಿಗಾಗಿ ಈ ಲೇಖನ.

ತಾಯಿ ಹೊದಿಸಿದ ಹೊದಿಕೆ

"ಇದೇನು ಡಾಕ್ಟರೇ, ಕಾಗದದ ಪುಡಿಯಾ? ಥರ್ಮಾಕೋಲಾ?" ಎಂದು ಕೇಳಿದವರಿದ್ದಾರೆ. ನೋಡಲು ಹಾಗೆಯೇ ಇದೆ. ಆದರೆ ಪೊಟ್ಟಣದಲ್ಲಿರುವುದು ಒಂದು ಪುಟ್ಟ ಗಿಡದ ಬೀಜದ ಹೊರಸಿಪ್ಪೆ, ಬೇರೇನೂ ಅಲ್ಲ. ಬೀಜ ಎರಡು ಮೂರು ಮಿಲಿಮೀಟರ್ ಉದ್ದ, ದೋಣಿಯ ಆಕಾರ. ಪಾರ್ಸಿಯಲ್ಲಿ ಅಸ್ಪ್ ಎಂದರೆ ಕುದುರೆ, ಗೋಲ್ ಎಂದರೆ ಕಿವಿ. ಬೀಜ ಕುದುರೆಯ ಕಿವಿಯಂತೆ ಕಂಡದ್ದರಿಂದ ಆ ಹೆಸರು. ಅರಬಿಯಲ್ಲಿ ಇದೇ ಬಿಝ್ರ್ ಕತೂನಾ. ಇಬ್ನ್ ಸೀನಾ ಅವರ ಅಲ್ ಕಾನೂನ್ ಗ್ರಂಥದಲ್ಲಿ ಆ ಹೆಸರಿನಲ್ಲೇ ಇದೆ. ಇಡೀ ಬೀಜಕ್ಕೆ ನಾವು ಅಸ್ಪಗೋಲ್ ಮುಸಲ್ಲಮ್ ಎನ್ನುತ್ತೇವೆ, ಸಿಪ್ಪೆಗೆ ಸಬೂಸ್. ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಮಾತ್ರ ಸಿಪ್ಪೆ ಸಿಗುತ್ತದೆ.

ಬೀಜದ ಸಿಪ್ಪೆಯ ಹುಟ್ಟು ಬಹಳ ಜನರಿಗೆ ತಿಳಿದಿಲ್ಲ. ಹೂವಿನೊಳಗೆ ಅಂಡಕದ ಸುತ್ತ ಇರುವ ತೆಳು ಹೊದಿಕೆಗಳೇ ಬಲಿತು ಬೀಜದ ಸಿಪ್ಪೆಯಾಗುತ್ತವೆ. ಒಳಗಿನ ಮೊಳಕೆಯಲ್ಲಿ ತಂದೆ ತಾಯಿ ಇಬ್ಬರ ಪಾಲೂ ಇದೆ. ಹೊರಗಿನ ಸಿಪ್ಪೆ ಮಾತ್ರ ಪೂರ್ತಿ ತಾಯಿಯದು. ಮಗು ಎಲ್ಲಿ ಹೋಗಿ ಬೀಳುತ್ತದೋ ಆ ನೆಲಕ್ಕೆ ತಕ್ಕ ಹೊದಿಕೆಯನ್ನು ತಾಯಿ ಗಿಡ ಹೊದಿಸಿ ಕಳಿಸುತ್ತದೆ.

ಇಸಬಗೋಲು ಒಣ ನೆಲದ ಗಿಡ. ಗುಜರಾತ್, ರಾಜಸ್ಥಾನಗಳಲ್ಲಿ ಚಳಿಗಾಲದಲ್ಲಿ ಬೆಳೆಯುತ್ತಾರೆ. ಮೆಹಸಾಣಾ ಜಿಲ್ಲೆಯ ಊಂಝಾ ಅದರ ದೊಡ್ಡ ಪೇಟೆ. ಅಂಥ ನೆಲದಲ್ಲಿ ಬಿದ್ದ ಬೀಜಕ್ಕೆ ಸಿಕ್ಕ ಹನಿ ನೀರನ್ನು ಹಿಡಿದಿಟ್ಟುಕೊಳ್ಳುವುದೇ ಬದುಕು. ಹಾಗಾಗಿ ಅದರ ಸಿಪ್ಪೆಯ ಹೊರ ಪದರದ ಕಣಗಳಲ್ಲಿ ಒಂದು ಬಗೆಯ ಲೋಳೆಯ ಪದಾರ್ಥ ಒಣಗಿ ಕೂತಿರುತ್ತದೆ. ನೀರು ತಗುಲಿದ ಕೂಡಲೇ ಉಬ್ಬಿ, ಕಣದ ಗೋಡೆ ಒಡೆದು, ಬೀಜದ ಸುತ್ತ ತೇವದ ಕಂಬಳಿಯಾಗುತ್ತದೆ. ಬೀಜ ಮರಳಿಗೆ ಅಂಟಿಕೊಳ್ಳುತ್ತದೆ, ಗಾಳಿಗೆ ಹಾರದು, ಇರುವೆ ಎಳೆಯಲು ಹೋದರೂ ಸುಲಭಕ್ಕೆ ಕದಲದು. ನಮ್ಮ ಯುನಾನಿ ಭಾಷೆಯಲ್ಲಿ ಇದೇ ಲುಆಬ್. ಕಟಾವಿನ ಹೊತ್ತಿಗೆ ಒಂದು ಸಣ್ಣ ಮಳೆ ಬಿದ್ದರೂ ಬೆಳೆ ಕೆಡುತ್ತದೆ, ಏಕೆಂದರೆ ಸಿಪ್ಪೆ ತೆನೆಯಲ್ಲೇ ನೀರು ಕುಡಿದುಬಿಡುತ್ತದೆ. ನಮ್ಮ ಸೊರಬದ ಹವೆಯಲ್ಲಿ ಇದನ್ನು ಬೆಳೆಯುವ ಆಸೆ ಬೇಡ.

ಇದಕ್ಕೆ ತದ್ವಿರುದ್ಧವಾದ ಸಿಪ್ಪೆಯೂ ಇದೆ, ಅದನ್ನು ನಮ್ಮ ಬೇಲಿಗಳಲ್ಲೇ ನೋಡಬಹುದು. ಗುಲಗಂಜಿ. ಅದರ ಕೆಂಪು ಕಪ್ಪು ಸಿಪ್ಪೆ ನೀರನ್ನು ಒಳಗೇ ಬಿಡುವುದಿಲ್ಲ. ಒಳಗೆ ಪ್ರಾಣ ತೆಗೆಯಬಲ್ಲ ವಿಷವಿದೆ. ಮಗು ಇಡೀ ಕಾಳನ್ನು ನುಂಗಿದರೆ ಸಾಮಾನ್ಯವಾಗಿ ಆ ಗಟ್ಟಿ ಸಿಪ್ಪೆಯ ಕಾರಣದಿಂದಲೇ ಅದು ಹಾಗೇ ಹೊರಬರುತ್ತದೆ. ಅಗಿದರೆ, ಅಥವಾ ಸರ ಪೋಣಿಸಲು ತೂತು ಮಾಡಿದ ಕಾಳಾಗಿದ್ದರೆ ವಿಷ ಒಳಗಿಳಿಯುತ್ತದೆ. ಅಗಿದಿದೆಯೋ ಇಲ್ಲವೋ ಎಂದು ಮನೆಯಲ್ಲೇ ಕೂತು ವಿಚಾರಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಗುಲಗಂಜಿಯ ಬಳೆ, ಸರಗಳು ಮಕ್ಕಳ ಕೈಗೆ ಬೇಡವೇ ಬೇಡ.

ಮತ್ತೆ ಇಸಬಗೋಲಿಗೆ ಬರೋಣ. ನಮ್ಮ ಜೀರ್ಣರಸಗಳು ಆ ಲೋಳೆಯನ್ನು ಒಡೆಯಲಾರವು. ಅದು ನೀರನ್ನು ಹೊತ್ತುಕೊಂಡೇ ಕರುಳಿನ ಕೊನೆಯವರೆಗೆ ಹೋಗುತ್ತದೆ. ಗಟ್ಟಿಯಾದ ಮಲಕ್ಕೆ ತೇವ ಕೊಟ್ಟು ಜಾರಿಸುತ್ತದೆ; ನೀರಾದ ಮಲದಲ್ಲಿ ಹೆಚ್ಚಿನ ನೀರನ್ನು ತಾನೇ ಹಿಡಿದು ಗಟ್ಟಿಮಾಡುತ್ತದೆ. "ಕಟ್ಟಿದರೂ ಇದೇ, ಹರಿದರೂ ಇದೇ, ಇದೆಂಥಾ ಔಷಧಿ?" ಎಂದು ನಗುವವರಿಗೆ ನನ್ನ ಉತ್ತರ ಇಷ್ಟೆ: ಎರಡೂ ಕಡೆ ಅದು ಮಾಡುವ ಕೆಲಸ ಒಂದೇ, ನೀರು ಹಿಡಿಯುವುದು. ಯುನಾನಿಯಲ್ಲಿ ಇದರ ಮಿಝಾಜ್ ತಂಪು ಮತ್ತು ತೇವ. ಕರುಳು ಉರಿದು ರಕ್ತ, ಆಮ ಬೀಳುವ ಝಹೀರ್‌ನಲ್ಲಿ ಹಳೆಯ ಹಕೀಮರು ಇದನ್ನು ಕೊಡುತ್ತಿದ್ದುದು ಈ ಗುಣಕ್ಕಾಗಿಯೇ. ಮೊಸರಿನಲ್ಲಿ ಕಲಸಿ ಕೊಡುವ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಆದರೆ ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಬಿಟ್ಟು ಇಸಬಗೋಲು ಹಿಡಿದು ಕೂರುವುದು ಅಪಾಯ. ಮಗುವಿಗೆ ಆಗ ಬೇಕಾಗಿರುವುದು ನೀರು ಮತ್ತು ಉಪ್ಪು.

ಇನ್ನೊಂದು ಉಪಯೋಗ ಈಚಿನದು. ಆ ಲೋಳೆ ಕರುಳಿನಲ್ಲಿ ಪಿತ್ತದ ಆಮ್ಲಗಳನ್ನೂ ಹಿಡಿದು ಹೊರಗೊಯ್ಯುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನು ಬಳಸಿಕೊಳ್ಳುತ್ತದೆ. ದಿನಕ್ಕೆ 7 ಗ್ರಾಂ ಕರಗುವ ನಾರು ಈ ಸಿಪ್ಪೆಯಿಂದ ಸಿಕ್ಕರೆ ಹೃದ್ರೋಗದ ಅಪಾಯ ತಗ್ಗಬಹುದು ಎಂದು ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಆಡಳಿತ 2007ರಲ್ಲಿ ಹರಳು ರೂಪದ ಇಸಬಗೋಲು ವಿರೇಚಕಗಳನ್ನು ಸುರಕ್ಷಿತವೆಂದು ಒಪ್ಪಲಾಗದು ಎಂದಿತು. ಕಾರಣ, ಅನ್ನನಾಳದಲ್ಲಿ ಕಟ್ಟಿಕೊಂಡ ಪ್ರಕರಣಗಳು. ನಮ್ಮ ಆನವಟ್ಟಿಯ ತಾಯಿಗೆ ಆದದ್ದು ಅಪರೂಪವಿರಬಹುದು, ಹೊಸದಂತೂ ಅಲ್ಲ.

ಹೇಗೆ ತೆಗೆದುಕೊಳ್ಳಬೇಕು?

ಮೊದಲು ಲೋಟಕ್ಕೆ ನೀರು, ಆಮೇಲೆ ಅದಕ್ಕೆ ಸಿಪ್ಪೆ. ಒಣ ಸಿಪ್ಪೆ ಬಾಯಿಗೆ ಹೋಗಲೇಬಾರದು. 240 ಮಿಲಿಲೀಟರ್ ನೀರು, ಅಂದರೆ ಕಾಲು ಲೀಟರ್‌ಗೆ ತುಸು ಕಡಿಮೆ, ಅದಕ್ಕೆ ಒಂದು ದೊಡ್ಡ ಚಮಚ, ಸುಮಾರು 5 ಗ್ರಾಂ. ಮೊದಲ ಸಲ ತೆಗೆದುಕೊಳ್ಳುವವರು ಅರ್ಧ ಚಮಚದಿಂದ ಶುರುಮಾಡಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಕಲಸಿ ತಕ್ಷಣ ಕುಡಿಯಿರಿ. ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಲೋಟದಲ್ಲಿ ಜೆಲ್ಲಿಯಾಗಿರುತ್ತದೆ. ಹಿಂದೆಯೇ ಇನ್ನೊಂದು ಲೋಟ ಬರೀ ನೀರು.

ಮಲಗುವ ಹೊತ್ತಿಗೆ ಬೇಡ. "ರಾತ್ರಿ" ಎಂದು ಬರೆದದ್ದೇ ನನ್ನ ಎರಡನೇ ತಪ್ಪು. ರಮಝಾನ್‌ನಲ್ಲಿ ಇಫ್ತಾರ್ ಆಗಿ ಒಂದು ತಾಸಿನ ಮೇಲೆ ತೆಗೆದುಕೊಂಡರೆ ಮುಂದೆ ನೀರು ಕುಡಿಯಲು ಸಮಯ ಸಿಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಇಫ್ತಾರ್ ಹೊತ್ತಿಗೆ ನುಂಗುವವರು ಎರಡು ತಾಸು ಬಿಟ್ಟು ತೆಗೆದುಕೊಳ್ಳಿ, ಏಕೆಂದರೆ ಲೋಳೆ ಮಾತ್ರೆಯನ್ನೂ ಹಿಡಿದುಕೊಳ್ಳಬಹುದು. ತರಾವೀಹ್ ಮುಗಿಸಿ ಬಂದು ಕುಡಿದರೂ ಆದೀತು. ಅರ್ಧ ಗಂಟೆಯಾದರೂ ಕೂತಿದ್ದು ಮಲಗಿ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು: ಊಟದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ಇದು ತಗ್ಗಿಸುತ್ತದೆ. ಒಳ್ಳೆಯದೇ. ಆದರೆ ಉಪವಾಸ, ಮಾತ್ರೆ, ಇಸಬಗೋಲು ಮೂರೂ ಸೇರಿದಾಗ ಸಕ್ಕರೆ ಎಲ್ಲಿ ನಿಲ್ಲುತ್ತದೆ ಎಂದು ಅಳೆದು ನೋಡಬೇಕು, ನಿಮ್ಮ ವೈದ್ಯರಿಗೆ ತಿಳಿಸಬೇಕು.

ಇಂದು ಕುಡಿದು ನಾಳೆ ಬೆಳಿಗ್ಗೆಯೇ ಹೊಟ್ಟೆ ಖಾಲಿಯಾಗದಿದ್ದರೆ ಗಾಬರಿ ಬೇಡ. ಅರ್ಧ ದಿನದಿಂದ ಮೂರು ದಿನದವರೆಗೂ ಹಿಡಿಯಬಹುದು. ಎರಡನೇ ದಿನ ಸಿಟ್ಟಿನಿಂದ ಮೂರು ಚಮಚ ಹಾಕಿಕೊಳ್ಳುವವರು ನನಗೆ ಗೊತ್ತು.

ಯಾರು ತೆಗೆದುಕೊಳ್ಳಬಾರದು? ನುಂಗಲು ಕಷ್ಟವಿರುವವರು, ಪಾರ್ಶ್ವವಾಯುವಾಗಿ ನೀರು ಕುಡಿದರೂ ಕೆಮ್ಮು ಬರುವವರು, ಹೊಟ್ಟೆ ನೋವು ಮತ್ತು ವಾಂತಿ ಜೊತೆಗಿದ್ದು ಮಲ, ಗಾಳಿ ಎರಡೂ ನಿಂತವರು. ಮಲದಲ್ಲಿ ರಕ್ತ ಕಂಡರೆ, ಐವತ್ತರ ಮೇಲೆ ಮಲದ ರೂಢಿ ಇದ್ದಕ್ಕಿದ್ದಂತೆ ಬದಲಾದರೆ ಇಸಬಗೋಲಿನಲ್ಲಿ ದಿನ ದೂಡಬೇಡಿ, ಪರೀಕ್ಷೆ ಮಾಡಿಸಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರಿಗೆ ಮಿತಿ ಹಾಕಿಸಿಕೊಂಡವರಿಗೆ ಎರಡು ಲೋಟದ ನನ್ನ ಮಾತು ಅನ್ವಯಿಸುವುದಿಲ್ಲ. ಅವರು ಕೇಳಿಯೇ ಮುಂದುವರಿಯಬೇಕು. ಸಿಪ್ಪೆಯ ದೂಳು ಉಸಿರಿನಲ್ಲಿ ಹೋಗಿ ಕೆಲವರಿಗೆ ಸೀನು, ಉಬ್ಬಸ ಬರುವುದೂ ಉಂಟು.

ಇಡೀ ಬೀಜ ತರುವವರು ಅದನ್ನು ಕುಟ್ಟಬೇಡಿ, ಅಗಿಯಬೇಡಿ. ಇದು ನಮ್ಮ ಹಳೆಯ ಹಕೀಮರ ಎಚ್ಚರಿಕೆ, ಕಾಲೇಜಿನಲ್ಲೂ ನಮಗೆ ಕಲಿಸಿದ್ದು. ಬೇಕಾಗಿರುವುದು ಹೊರಗಿನ ಲುಆಬ್ ಮಾತ್ರ. ಅಗಸೆ ಬೀಜದ ಕಥೆ ಇದಕ್ಕೆ ಉಲ್ಟಾ. ಅದರ ಸಿಪ್ಪೆಯಲ್ಲೂ ಲೋಳೆಯಿದೆ, ಆದರೆ ಒಳಗಿನ ಎಣ್ಣೆ ಬೇಕಾದರೆ ಪುಡಿ ಮಾಡಲೇಬೇಕು. ಇಡೀ ನುಂಗಿದ ಕಾಳು ಬಂದ ಹಾಗೇ ಹೊರಗೆ ಹೋಗುತ್ತದೆ. ಕೆಮ್ಮಿನ ಜೋಶಾಂದದಲ್ಲಿ ಉನ್ನಾಬ್, ಸಪಿಸ್ತಾನ್ ಜೊತೆಗೆ ಬೀಳುವ ಬಿಹಿದಾನ ಕೂಡ ಸಿಪ್ಪೆಯ ಲೋಳೆಗಾಗಿಯೇ.

ಇಫ್ತಾರ್‌ನ ಫಲೂದಾ, ಶರಬತ್ತುಗಳಿಗೆ ಹಾಕುವ ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜಕ್ಕೂ ಇದೇ ನಿಯಮ. ಸಸ್ಯಶಾಸ್ತ್ರದವರು ಅದು ಬೀಜವಲ್ಲ, ಕಿರುಕಾಯಿ ಎನ್ನುತ್ತಾರೆ, ಉಬ್ಬುವುದು ಕಾಯಿಯ ಸಿಪ್ಪೆ ಎನ್ನುತ್ತಾರೆ. ಅಡುಗೆಮನೆಗೆ ಆ ವ್ಯತ್ಯಾಸ ಬೇಕಿಲ್ಲ. ಹತ್ತು ಹದಿನೈದು ನಿಮಿಷ ನೆನೆಸಿ, ಸುತ್ತ ಬೂದುಬಣ್ಣದ ಲೋಳೆ ತುಂಬಿದ ಮೇಲೆ ಬಳಸಿ. ಈಗ ನಗರದಿಂದ ಬರುವ ಮಕ್ಕಳು ಚಿಯಾ ಎಂಬ ಬೀಜದ ಪೊಟ್ಟಣ ತರುತ್ತಿದ್ದಾರೆ. ಅದೂ ಇದೇ ಜಾತಿ. 39 ವರ್ಷದ ಒಬ್ಬರು ಒಂದು ಚಮಚ ಒಣ ಚಿಯಾ ತಿಂದು ಮೇಲೆ ಒಂದು ಲೋಟ ನೀರು ಕುಡಿದು, ಅನ್ನನಾಳ ಮುಚ್ಚಿ ಆಸ್ಪತ್ರೆ ಸೇರಿದ ಪ್ರಕರಣವನ್ನು ಅಮೆರಿಕದ ಉತ್ತರ ಕ್ಯಾರೊಲಿನಾದ ವೈದ್ಯೆಯೊಬ್ಬರು 2014ರಲ್ಲಿ ವರದಿ ಮಾಡಿದ್ದರು. ಅವರು ನೀರು ಕುಡಿದೇ ಇದ್ದರು ಎಂಬುದನ್ನು ಗಮನಿಸಿ. ಕುಡಿದದ್ದು ಆಮೇಲೆ.

ಗದ್ದೆಯ ಸಿಪ್ಪೆ ಎಲ್ಲಿ ಹೋಯಿತು?

ಆ ರಾತ್ರಿಯ ನಂತರ ನನ್ನನ್ನು ಕಾಡಿದ ಪ್ರಶ್ನೆ ಇನ್ನೊಂದು. ಭತ್ತ ಬೆಳೆಯುವ ಊರಿನ ಹೆಂಗಸಿಗೆ ಗುಜರಾತಿನ ಬೀಜದ ಸಿಪ್ಪೆ ಏಕೆ ಬೇಕಾಯಿತು? ಅವರ ಮನೆಯ ಗದ್ದೆಯಲ್ಲೇ ಭತ್ತವಿದೆ. ಗಿರಣಿಯಲ್ಲಿ ಮೊದಲು ಹೊಟ್ಟು ಹೋಗುತ್ತದೆ, ಅದು ತಿನ್ನುವಂಥದ್ದಲ್ಲ. ಆಮೇಲೆ ಪಾಲಿಶ್ ಮಾಡುವಾಗ ಅಕ್ಕಿಯ ಮೈಗೆ ಅಂಟಿದ ಸಿಪ್ಪೆ, ಅದರ ಕೆಳಗಿನ ಪದರ, ಮೊಳಕೆ ಎಲ್ಲ ಉಜ್ಜಿಹೋಗಿ ತೌಡಾಗುತ್ತದೆ. ಭತ್ತದ ತೂಕದಲ್ಲಿ ನೂರಕ್ಕೆ 8ರಿಂದ 10 ಭಾಗ. ನಾರು, ಬಿ1 ಜೀವಸತ್ವ, ಕೆಂಪಕ್ಕಿಯ ಕೆಂಪು, ಎಲ್ಲ ಇರುವುದು ಅಲ್ಲೇ. ಎಮ್ಮೆ ಅದನ್ನು ತಿನ್ನುತ್ತದೆ. ನಾವು ಬೆಳ್ಳಗಿನದನ್ನು ತಿಂದು ಔಷಧಿ ಅಂಗಡಿಗೆ ಹೋಗುತ್ತೇವೆ.

ತೌಡಿನ ಬೆಲೆ ಲೋಕಕ್ಕೆ ತಿಳಿದದ್ದು ಕೋಳಿಗಳಿಂದ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಅಕ್ಕಿಯ ಅನ್ನ ತಿಂದ ಕೋಳಿಗಳ ಕಾಲು ಬಿದ್ದುಹೋಗುವುದನ್ನೂ ತೌಡಿರುವ ಅಕ್ಕಿ ಕೊಟ್ಟರೆ ಎದ್ದು ಓಡಾಡುವುದನ್ನೂ ಕಂಡರು. ಅವರ ಸ್ನೇಹಿತ ವೋರ್ಡರ್‌ಮನ್ ಜಾವಾದ ಸುಮಾರು ನೂರು ಜೈಲುಗಳಲ್ಲಿ ವಿಚಾರಿಸಿದಾಗ, ಪಾಲಿಶ್ ಅಕ್ಕಿ ಕೊಡುವ ಜೈಲುಗಳಲ್ಲೇ ಬೆರಿಬೆರಿ ಕಾಯಿಲೆ ಎಷ್ಟೋ ಪಟ್ಟು ಹೆಚ್ಚಿತ್ತು. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು. ನಮ್ಮ ಹಿರಿಯರ ಕುಸುಬಲಕ್ಕಿಯಲ್ಲಿ ಇದಕ್ಕೆ ಅರ್ಧ ಪರಿಹಾರ ಇದ್ದೇ ಇತ್ತು: ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ ಬೇಯಿಸಿದಾಗ ಬಿ1 ಸತ್ವ ಅಕ್ಕಿಯ ಒಳಗೆ ಇಳಿಯುತ್ತದೆ, ಆಮೇಲೆ ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ರಾಗಿಯ ಸಿಪ್ಪೆಯಂತೂ ಮೈಗೆ ಎಷ್ಟು ಅಂಟಿಕೊಂಡಿರುತ್ತದೆಂದರೆ ಅಕ್ಕಿಯಂತೆ ಅದನ್ನು ಪಾಲಿಶ್ ಮಾಡಲು ಸುಲಭಕ್ಕೆ ಬರುವುದಿಲ್ಲ. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಆ ಸಿಪ್ಪೆಯಲ್ಲೇ ಇದೆ, ಇದೊಂದು ಅದೃಷ್ಟ.

ಬಿರಿಯಾನಿಗೆ ಬೆಳ್ಳಗಿನ ಅಕ್ಕಿ ಬೇಡ ಎಂದು ಹೇಳುವಷ್ಟು ಕಠಿಣ ವೈದ್ಯ ನಾನಲ್ಲ. ನನ್ನ ಮನೆಯಲ್ಲೂ ಕೇಳುವುದಿಲ್ಲ. ಆದರೆ ರಮಝಾನ್‌ನ ತಟ್ಟೆಯನ್ನು ಒಮ್ಮೆ ನೋಡಿ: ಮೈದಾದ ಸಮೋಸ, ಸಿಪ್ಪೆ ತೆಗೆದ ಗೋಧಿಯ ಹಲೀಮ್, ಬಿಳಿ ಅನ್ನ, ಬ್ರೆಡ್. ಹದಿಮೂರು ಹದಿನಾಲ್ಕು ತಾಸು ನೀರಿಲ್ಲದ ಹೊಟ್ಟೆಗೆ ಸಿಪ್ಪೆಯೇ ಇಲ್ಲದ ಊಟ. ಸಹರಿಗೆ ಒಂದು ಹಿಡಿ ಕೆಂಪಕ್ಕಿಯ ಅನ್ನ, ಸಿಪ್ಪೆ ಸಹಿತ ಹೆಸರುಕಾಳು, ಜರಡಿ ಹಿಡಿಯದ ಗೋಧಿ ಹಿಟ್ಟಿನ ಚಪಾತಿ ಇದ್ದರೆ ಅರ್ಧ ಜನ ನನ್ನ ಬಳಿ ಬರುವುದೇ ಇಲ್ಲ. ಗಿರಣಿಯವರಿಗೆ "ಒಂದೇ ಸುತ್ತು ಪಾಲಿಶ್ ಸಾಕು" ಎಂದು ಹೇಳಿ. ಅಂಥ ಅಕ್ಕಿಯನ್ನು ತಿಂಗಳಿಗಾಗುವಷ್ಟೇ ಮಾಡಿಸಿ. ತೌಡಿನ ಎಣ್ಣೆ ಬೇಗ ಕಮಟು ವಾಸನೆ ಹಿಡಿಯುತ್ತದೆ.

ಆ ತಾಯಿ ಈದ್ ಆಗಿ ಒಂದು ವಾರಕ್ಕೆ ಮಗನ ಜೊತೆ ದವಾಖಾನೆಗೆ ಬಂದರು. ನಾನು ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಚೀಲದಿಂದ ಮನೆಯ ಸ್ಟೀಲ್ ಲೋಟ ತೆಗೆದು ಮೇಜಿನ ಮೇಲಿಟ್ಟರು. "ಲೋಟ ಲೋಟ ಅಂತೀರಲ್ಲ, ನಮ್ಮನೆ ಲೋಟ ಇದು. ಇದರಲ್ಲಿ ಎಷ್ಟು?" ನಾನು ಎಂದೂ ಅಳೆದು ನೋಡಿರಲಿಲ್ಲ. ಔಷಧಿ ಅಳೆಯುವ ಜಾರಿಗೆ ಸುರಿದೆ. ಕಂಠದವರೆಗೆ ತುಂಬಿದರೂ 150 ಮಿಲಿಲೀಟರ್.

"ಹಾಗಾದ್ರೆ ನಂಗೆ ಎರಡಲ್ಲ, ಮೂರು ಮುಕ್ಕಾಲು" ಎಂದ ಅವರು ಲೋಟವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಲೆಕ್ಕ ಹಾಕಿದೆ. ಮೂರು ಮತ್ತು ಸ್ವಲ್ಪ. ಮುಕ್ಕಾಲು ಅವರೇ ಸೇರಿಸಿದ್ದು.